ಒಗರು ಇದ್ದರೆ ಬಾಳುತ್ತದೆ: ರೆಡ್ ವೈನ್ ಹಳೆಯದಾಗುವ ಬಗ್ಗೆ ಟಿಪ್ಪಣಿ

ವೈನ್ ಪರೀಕ್ಷೆಗೆ ಓದುವ ನಮ್ಮಲ್ಲಿ ತುಂಬ ಜನ ಎಡವುವುದು ಒಂದೇ ಕಡೆ. ಯಾವ ರೆಡ್ ವೈನ್ ಇಟ್ಟಷ್ಟೂ ಚೆನ್ನಾಗುತ್ತದೆ, ಯಾವುದು ಆಗಲ್ಲ? ‘ಹಳೆಯದಾದಷ್ಟೂ ಒಳ್ಳೆಯದು’ ಅಂತ ಬರೆದರೆ ತಪ್ಪು. ಅಂಗಡಿಯಲ್ಲಿ ಸಿಗುವ ಬಹುಪಾಲು ರೆಡ್ ವೈನ್ ಕೆಲವೇ ವರ್ಷದೊಳಗೆ ಕುಡಿಯಲಿಕ್ಕೆಂದೇ ಮಾಡಿದ್ದು. ಇಟ್ಟರೆ ಸುಮ್ನೆ ಸೊರಗುತ್ತದೆ.

ಮೊದಲು ಟ್ಯಾನಿನ್. ನಮಗೆ ಅದಕ್ಕೆ ಒಂದೇ ಪದ ಸಾಕು, ಒಗರು. ಎಳೆ ಅಡಿಕೆ ಅಗಿದಾಗ, ಹಾಲು ಹಾಕದ ಕಡು ಚಹಾ ಕುಡಿದಾಗ ನಾಲಿಗೆ ಒಣಗಿ ಒಸಡು ಹಿಡಿದ ಹಾಗೆ ಆಗುತ್ತದಲ್ವಾ, ಅದೇ. ಇದು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ, ಓಕ್ ಪೀಪಾಯಿಯಿಂದಲೂ ಸ್ವಲ್ಪ. ರೆಡ್ ವೈನನ್ನು ಸಿಪ್ಪೆ ಸಮೇತ ಹುದುಗಿಸುತ್ತಾರೆ, ಹಾಗಾಗಿ ಬಿಳಿ ವೈನ್‌ಗಿಂತ ಇದರಲ್ಲಿ ಒಗರು ಜಾಸ್ತಿ. ಬಾಟಲಿಯಲ್ಲಿ ವರ್ಷ ಕಳೆದಂತೆ ಟ್ಯಾನಿನ್ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಬಣ್ಣ ಕೊಡುವ ಆಂಥೋಸಯಾನಿನ್ ಜೊತೆಗೂ ಸೇರುತ್ತವೆ, ಅದರಲ್ಲಿ ಕೆಲವು ದೊಡ್ಡದಾಗಿ ತಳಕ್ಕೆ ಇಳಿಯುತ್ತವೆ. ಹಳೆ ಬಾಟಲಿಯ ಗಸಿ ಅಂದರೆ ಇದೇ. ಒಗರು ಮೆತ್ತಗಾಗುತ್ತದೆ. ನೇರಳೆ ಬಣ್ಣ ಕೆಂಪಾಗಿ, ಆಮೇಲೆ ಅಂಚಿನಿಂದ ಶುರುವಾಗಿ ಹಂಚಿನ ಬಣ್ಣಕ್ಕೆ ತಿರುಗುತ್ತದೆ.

ಎರಡನೆಯದು ಹುಳಿ. ಇದಕ್ಕೆ ನಮ್ಮ ಕೊಡಗಿನವರು ದೂರ ಹುಡುಕಬೇಕಾಗಿಲ್ಲ, ಅಡುಗೆಮನೆಯ ಕಾಚಂಪುಳಿ ನೋಡಿ, ಹಣ್ಣಿನ ರಸದಿಂದ ಮಾಡುವ ಕಪ್ಪು ಹುಳಿ. ವರ್ಷಗಟ್ಟಲೆ ಇಟ್ಟರೂ ಕೆಡದಿರಲು ಆ ಹುಳಿಯೇ ಮುಖ್ಯ ಕಾರಣ. ಕಾಚಂಪುಳಿಯನ್ನು ಕುದಿಸಿ ಗಟ್ಟಿ ಮಾಡುತ್ತೇವೆ, ವೈನನ್ನು ಕುದಿಸುವುದಿಲ್ಲ, ಅಷ್ಟು ಹುಳಿಯೂ ಅದರಲ್ಲಿಲ್ಲ, ಆದರೂ ಕೆಡಿಸುವ ಸೂಕ್ಷ್ಮಜೀವಿಗಳಿಗೆ ಹುಳಿ ತಡೆ ಹಾಕುವುದು ಎರಡರಲ್ಲೂ ಒಂದೇ. ಇನ್ನೊಂದು ಮಾತು ನೆನಪಿಡಿ. ಒಗರಿನ ಹಾಗೆ ಹುಳಿ ವರ್ಷ ಕಳೆದಂತೆ ಮೆತ್ತಗಾಗುವುದಿಲ್ಲ, ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಹಾಗಾಗಿ ಮೂರನೆಯದು ಬೇಕು, ಹಣ್ಣಿನ ಗಟ್ಟಿತನ. ಬರೀ ಒಗರು, ಹುಳಿ ಇದ್ದು ಹಣ್ಣಿನ ರುಚಿ ತೆಳುವಾಗಿದ್ದರೆ ಕಾಯುವುದು ದಂಡ. ಒಗರು ಇಳಿಯುವ ಹೊತ್ತಿಗೆ ಹಣ್ಣು ಹೋಗಿರುತ್ತದೆ, ಹುಳಿ ಮಾತ್ರ ಎದ್ದು ಕಾಣುತ್ತದೆ. ನನ್ನ ಪ್ರಕಾರ ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ, ಟ್ಯಾನಿನ್ ಅಂತ ಬರೆದು ಹಣ್ಣನ್ನು ಮರೆಯುತ್ತೇವೆ.

ಉದಾಹರಣೆಗೆ ಇಟಲಿಯ ಬರೋಲೊ. ನೆಬ್ಬಿಯೋಲೊ ದ್ರಾಕ್ಷಿಯದು, ಒಗರೂ ಹುಳಿಯೂ ಜೋರು. ಮಾರಾಟಕ್ಕೆ ಬಿಡುವ ಮೊದಲೇ ಕನಿಷ್ಠ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಹಾಗಂತ ಅಲ್ಲಿ ಕಾನೂನೇ ಇದೆ. ಇದಕ್ಕೆ ಪೂರ್ತಿ ಉಲ್ಟಾ ಫ್ರಾನ್ಸಿನ ಬೋಜೊಲೆ ನುವೊ. ಕೊಯ್ಲಾದ ವರ್ಷವೇ ನವೆಂಬರ್ ಮೂರನೇ ಗುರುವಾರ ಮಾರಾಟಕ್ಕೆ ಬರುತ್ತದೆ, ಕೆಲವೇ ತಿಂಗಳಲ್ಲಿ ಕುಡಿದು ಮುಗಿಸಬೇಕು. ಪಿನೊ ನುವಾರ್ ಅನ್ನುವ ದ್ರಾಕ್ಷಿ ಮಾತ್ರ ಲೆಕ್ಕ ತಪ್ಪಿಸುತ್ತದೆ. ಸಿಪ್ಪೆ ತೆಳು, ಒಗರು ಕಡಿಮೆ, ಆದರೂ ಫ್ರಾನ್ಸಿನ ಬರ್ಗಂಡಿ ಪ್ರದೇಶದ ಒಳ್ಳೆ ತೋಟದ್ದಾದರೆ ಹುಳಿ ಮತ್ತು ಹಣ್ಣಿನ ಬಲದಿಂದಲೇ ದಶಕಗಳು ಬಾಳುತ್ತದೆ.

ಇಷ್ಟೆಲ್ಲ ಓದಿದ್ದರೂ ನನಗೆ ಅರ್ಥವಾಗಿದ್ದು ಎರಡು ಬಾಟಲಿ ತೆರೆದಾಗ. ಒಂದೇ ದಿನ ತಂದ, ಒಂದೇ ವರ್ಷದ ಕ್ಯಾಬರ್ನೆ ಸೋವಿನ್ಯೋನ್ ದ್ರಾಕ್ಷಿಯ ರೆಡ್ ವೈನ್. ಒಂದು ಅಡುಗೆಮನೆಯಲ್ಲಿ ಫ್ರಿಜ್ ಮೇಲೆ ನಿಂತಿತ್ತು, ಇನ್ನೊಂದು ನಾಪೋಕ್ಲು ಹತ್ತಿರ ಕುಟುಂಬದ ಮೂಲಮನೆಯಾದ ಐನ್‌ಮನೆಯ ಕತ್ತಲೆ ಉಗ್ರಾಣದಲ್ಲಿ, ದಪ್ಪ ಮಣ್ಣಿನ ಗೋಡೆ ಪಕ್ಕ ಮಲಗಿತ್ತು. ಆರು ವರ್ಷ ಆಗಿತ್ತು. ಫ್ರಿಜ್ ಮೇಲಿನದರ ಕಾರ್ಕ್ ಒಂದು ಗೆರೆ ಮೇಲೆ ಬಂದಿತ್ತು, ಬದಿಯಲ್ಲಿ ವೈನ್ ಜಿನುಗಿದ ಕಲೆ. ಲೋಟಕ್ಕೆ ಹಾಕಿದರೆ ಪೂರ್ತಿ ಕಂದು, ತಳ ಹಿಡಿದ ಜಾಮ್ ವಾಸನೆ. ಉಗ್ರಾಣದ್ದನ್ನು ಹಿಂದಿನ ದಿನವೇ ಎತ್ತಿ ನಿಲ್ಲಿಸಿದ್ದೆ, ಗಸಿ ತಳಕ್ಕೆ ಕೂರಲಿ ಅಂತ. ಕುತ್ತಿಗೆಯ ಹಿಂದೆ ಚಿಕ್ಕಪ್ಪ ಟಾರ್ಚ್ ಹಿಡಿದರು, ನಾನು ನಿಧಾನ ಬಸಿದೆ, ಕಪ್ಪು ಗೆರೆ ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿದೆ. ಬಿಳಿ ಹಾಳೆಯ ಮೇಲೆ ಲೋಟ ವಾಲಿಸಿದರೆ ನಡುವೆ ಇನ್ನೂ ಕೆಂಪು, ಅಂಚಲ್ಲಿ ಮಾತ್ರ ಹಂಚಿನ ಬಣ್ಣ. ಮೂಗಿಗೆ ಒಣ ಅಂಜೂರ, ತೊಗಲು, ಆಮೇಲೆ ಮಳೆಗಾಲದಲ್ಲಿ ಅಣಬೆ ಹುಡುಕಲು ಹೋದಾಗ ತೋಟದ ತರಗೆಲೆ ಸರಿಸಿದರೆ ಬರುತ್ತಲ್ಲ, ಆ ವಾಸನೆ. ‘ತೃತೀಯ ಪರಿಮಳ’ ಅಂತ ಬಾಯಿಪಾಠ ಮಾಡುತ್ತೇವಲ್ಲ, ವೈನ್ ಹಳೆಯದಾದಾಗ ಹುಟ್ಟುವ ವಾಸನೆ, ಅದು ಇದೇ. ನಾನು ಎಷ್ಟೋ ಹೊತ್ತು ಮೂಸುತ್ತಲೇ ಕೂತಿದ್ದೆ.

ವ್ಯತ್ಯಾಸ ಮಾಡಿದ್ದು ಶಾಖ. ನೆಲಮಾಳಿಗೆಗೆ 12–13 ಡಿಗ್ರಿ ಒಳ್ಳೆಯದು ಅನ್ನುತ್ತಾರೆ. ಬಿಸಿ ಹೆಚ್ಚಿದರೆ ಒಳಗಿನ ಕ್ರಿಯೆಗಳೆಲ್ಲ ಓಡುತ್ತವೆ. ಬಿಸಿ, ತಂಪು ಮೇಲೆ ಕೆಳಗೆ ಆಗುತ್ತಿದ್ದರೆ ಇನ್ನೂ ಕಷ್ಟ, ವೈನ್ ಹಿಗ್ಗಿ ಕುಗ್ಗಿ ಕಾರ್ಕನ್ನು ದೂಡುತ್ತದೆ, ಗಾಳಿ ಒಳಗೆ ಬರುತ್ತದೆ. ‘ನಮ್ಮೂರು ಹೇಗೂ ತಂಪು’ ಅಂತ ನಂಬಬೇಡಿ. ಏಪ್ರಿಲ್ ಮಧ್ಯಾಹ್ನ ಹಂಚಿನ ಕೆಳಗಿನ ಅಟ್ಟಕ್ಕೆ ಹತ್ತಿ ನೋಡಿ, ಗೊತ್ತಾಗುತ್ತದೆ. ತೇವದ ಚಿಂತೆ ಮಾತ್ರ ಇಲ್ಲಿ ಉಲ್ಟಾ. ಕಾರ್ಕ್ ಒಣಗದಿರಲು 70 ಶೇಕಡಾ ಆಸುಪಾಸು ತೇವ ಸಾಕು, ನಮ್ಮ ಜುಲೈನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಲೇಬಲ್‌ಗೆ ಬೂಷ್ಟು ಹಿಡಿಯುತ್ತದೆ, ವೈನ್‌ಗೆ ಏನೂ ಆಗಲ್ಲ. ನಾನು ತೆಳು ಪ್ಲಾಸ್ಟಿಕ್ ಸುತ್ತಿಡುತ್ತೇನೆ.

ಈಗ ಒಂದೇ ಬಗೆಯ ಆರು ಬಾಟಲಿ ಅದೇ ಗೋಡೆ ಪಕ್ಕ ಮಲಗಿಸಿದ್ದೇನೆ, ವರ್ಷಕ್ಕೊಂದು ತೆರೆದು ಬರೆದಿಡಲು. ಮೊದಲನೆಯದು ಆಯಿತು. ಅಂಚಿನವರೆಗೂ ನೇರಳೆ, ಒಗರು ಒಸಡಿಗೆ ಗಟ್ಟಿಯಾಗಿ ಅಂಟಿತ್ತು, ಅದರ ಹಿಂದೆ ನೇರಳೆ ಹಣ್ಣಿನ ರುಚಿ ತುಂಬಾ ಇತ್ತು.