ದೋಣಿಯಲ್ಲಿ ಎದ್ದು ನಿಲ್ಲಬೇಡಿ ಅಂತ ಅಂಬಿಗ ಯಾಕೆ ಬೈತಾನೆ

ಹಂಪಿ ಕಡೆ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತಿರುತ್ತೆ, ಅಂಬಿಗ ಮೊದಲು ಹೇಳೋದೇ ಯಾರೂ ಏಳಬೇಡಿ, ಒಂದೇ ಕಡೆ ಸೇರಬೇಡಿ ಅಂತ. ನಾವು ಕೇಳಲ್ಲ, ಫೋಟೋಗೆ ಎದ್ದು ನಿಲ್ತೀವಿ. ಎಲ್ಲಾದ್ರೂ ದೋಣಿ ಮಗುಚಿದ ಸುದ್ದಿ ಬಂದ್ರೆ ಮಾತ್ರ "ಹೊಳೆ ವರ್ಷಕ್ಕೊಂದು ಬಲಿ ಕೇಳುತ್ತೆ" ಅಂತೀವಿ. ಈ ಮಾತು ಕೇಳಿದ್ರೆ ನಂಗೆ ಸಂಕಟ ಆಗುತ್ತೆ, ಬಲಿ ಅಂದುಬಿಟ್ಟಮೇಲೆ ಲೈಫ್ ಜಾಕೆಟ್ ಯಾಕಿರಲಿಲ್ಲ ಅಂತ ಯಾರೂ ವಿಚಾರಿಸಲ್ಲ.

ದೋಣಿ ಯಾಕೆ ತೇಲುತ್ತೆ ಅನ್ನೋದು ಸ್ಕೂಲಲ್ಲೇ ಆಗಿದೆ, ಬಿಡಿ. ನೆಟ್ಟಗೆ ತೇಲೋದು ಬೇರೆ ವಿಷಯ. ನೀವು ಎಡವಿ ಬಲಕ್ಕೆ ವಾಲಿದ್ರೆ ಏನ್ ಮಾಡ್ತೀರಿ? ಬಲಗಾಲು ಪಕ್ಕಕ್ಕೆ ಊರ್ತೀರಿ. ದೋಣಿನೂ ಹಾಗೇ ಕಾಲು ಊರುತ್ತೆ! ಅದು ಬಲಕ್ಕೆ ವಾಲಿದಾಗ ಬಲಭಾಗ ಜಾಸ್ತಿ ಮುಳುಗುತ್ತೆ, ನೀರು ಕೆಳಗಿಂದ ತಳ್ಳೋ ಜಾಗ ಬಲಕ್ಕೆ ಸರಿಯುತ್ತೆ, ಅಲ್ಲಿಂದ ಮೇಲಕ್ಕೆ ತಳ್ಳಿ ದೋಣಿನ ವಾಪಸ್ ನೆಟ್ಟಗೆ ಮಾಡುತ್ತೆ. ತಳ ಅಗಲ ಇದ್ದಷ್ಟೂ ಕಾಲು ದೂರ ಊರಬಹುದು, ಬಸ್ಸಲ್ಲಿ ನಿಂತವರು ಕಾಲು ಅಗಲಿಸಿಕೊಂಡ ಹಾಗೆ. ಆದ್ರೆ ನೀವು ಎದ್ದು ನಿಂತ್ರೆ ಒಟ್ಟು ಭಾರ ಮೇಲಕ್ಕೇರುತ್ತೆ, ಸ್ವಲ್ಪ ವಾಲಿದ್ರೂ ಆ ಭಾರ ಊರಿದ ಕಾಲನ್ನೇ ದಾಟಿ ಆಚೆ ಹೋಗಿಬಿಡುತ್ತೆ, ಆಗ ನೀರಿನ ಅದೇ ತಳ್ಳುವಿಕೆ ದೋಣಿನ ಎತ್ತೋ ಬದಲು ಮಗುಚುತ್ತೆ. ಅದೇ ಜನ, ಅದೇ ತೂಕ, ಎತ್ತರ ಮಾತ್ರ ಬೇರೆ.

ಸ್ವೀಡನ್ನಿನ ವಾಸಾ ಅನ್ನೋ ಯುದ್ಧನೌಕೆ ಕಥೆ ಇದೇ. 64 ತೋಪು, ಎತ್ತರದ ಮೈ, ಅದಕ್ಕೆ ಸಾಕಾಗದಷ್ಟು ಅಗಲ. ಹೊರಡೋ ಮುಂಚೆ 30 ಜನರನ್ನ ಅದರ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿ ನೋಡಿದ್ರು, ಮೂರು ಸಲಕ್ಕೇ ಹಡಗು ಎಷ್ಟು ತೂಗಾಡ್ತು ಅಂದ್ರೆ ಪರೀಕ್ಷೆನೇ ನಿಲ್ಲಿಸಿದ್ರು. ಹಡಗನ್ನ ಮಾತ್ರ ನಿಲ್ಲಿಸಲಿಲ್ಲ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮಲ್ಲಿ ಹೊರಟು ಸುಮಾರು 1300 ಮೀಟರ್ ಹೋಗೋದ್ರಲ್ಲಿ ಗಾಳಿಗೆ ವಾಲಿ ಮುಳುಗ್ತು. ಭಾರ ಎಷ್ಟು ಮೇಲಿದ್ರೆ ಹಡಗು ಮಗುಚುತ್ತೆ ಅನ್ನೋ ಲೆಕ್ಕವನ್ನ ಫ್ರಾನ್ಸಿನ ವಿಜ್ಞಾನಿ ಪಿಯರ್ ಬೂಗೇ 1746ರಲ್ಲಿ ಪ್ರಕಟಿಸಿದ, ಅದೂ ಭೂಮಿ ಅಳೆಯೋಕೆ ಅಂತ ಆಂಡೀಸ್ ಬೆಟ್ಟಗಳಲ್ಲಿ ವರ್ಷಗಟ್ಟಲೆ ಇದ್ದಾಗ ಕೂತು ಬರೆದದ್ದು, ಸಮುದ್ರದಿಂದ ಅಷ್ಟು ಎತ್ತರದಲ್ಲಿ ಹಡಗಿನ ಚಿಂತೆ!

ಹಡಗಿನವರ ಭಾಷೆನೂ ಚೂರು ಹೇಳಿಬಿಡ್ತೀನಿ. ಮುಂದಿನ ತುದಿ ಬೋ, ಹಿಂದಿನದು ಸ್ಟರ್ನ್. ಹಳೇ ಕಾಲದಲ್ಲಿ ಚುಕ್ಕಾಣಿ ಹುಟ್ಟನ್ನ ಬಲಬದಿಗೆ ಕಟ್ತಿದ್ರು, ಸ್ಟಿಯರ್ ಮಾಡೋ ಬದಿ ಅಂತ ಅದು ಸ್ಟಾರ್‌ಬೋರ್ಡ್. ಆ ಹುಟ್ಟು ದಕ್ಕೆಗೆ ಸಿಕ್ಕಿ ಮುರಿಯದ ಹಾಗೆ ಎಡಬದಿ ತಾಗಿಸಿ ನಿಲ್ಲಿಸ್ತಿದ್ರು, ಬಂದರಿನ ಕಡೆಯ ಬದಿ ಅಂತ ಅದು ಪೋರ್ಟ್.

ಹರಿಗೋಲಿಗೆ ಬೋನೂ ಇಲ್ಲ, ಸ್ಟರ್ನೂ ಇಲ್ಲ, ದುಂಡಗಿರೋದ್ರಿಂದ ಯಾವ ಕಡೆ ವಾಲಿದ್ರೂ ಒಂದೇ ಥರ ಕಾಲು ಊರುತ್ತೆ. ಅದಕ್ಕೆ ತೆರೋ ಬೆಲೆ ಅಂದ್ರೆ ನೇರ ಹೋಗಲ್ಲ, ಸುತ್ತುತ್ತೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಕೂಡ ಇದನ್ನೇ ಬರೆದಿದ್ದಾನೆ, ಬುಟ್ಟಿಯ ಹಾಗೆ ದುಂಡಗೆ, ಹೊರಗೆ ಚರ್ಮ, ಸದಾ ತಿರುಗ್ತಾನೇ ಹೋಗ್ತವೆ, 15-20 ಜನ ಹಿಡೀತಾರೆ ಅಂತ.

ಇನ್ನೊಂದು, ಅಂಬಿಗ ಡಬ್ಬಿ ಹಿಡಿದು ತಳದ ನೀರು ತೋಡ್ತಾ ಇದ್ರೆ ಬಟ್ಟೆ ಒದ್ದೆ ಆಗದಿರಲಿ ಅಂತ ಅಲ್ಲ. ಅಗಲ ತಟ್ಟೆಯಲ್ಲಿ ನೀರು ಹೊತ್ತು ನಡೆದು ನೋಡಿ, ವಾಲಿದ ಕಡೆಗೇ ಎಲ್ಲ ನೀರೂ ಓಡಿ ಇನ್ನಷ್ಟು ವಾಲಿಸುತ್ತೆ. ದೋಣಿಯೊಳಗಿನ ನೀರೂ ಅಷ್ಟೇ. ಡಬ್ಬಿ ಇನ್ನೊಂದಿದ್ರೆ ನೀವೂ ತಗೊಳ್ಳಿ, ಕೂತಲ್ಲಿಂದಲೇ ತೋಡಿ.