ಟಿಕೆಟ್ ಕೈಯಲ್ಲಿದ್ದರೂ ಸೀಟಿಲ್ಲವೇ?

ಪ್ರಶ್ನೆ: ತಿಂಗಳ ಮೊದಲೇ ದುಡ್ಡು ಕೊಟ್ಟು ವಿಮಾನದ ಟಿಕೆಟ್ ತೆಗೆದಿದ್ದೆ. ಕೌಂಟರಿಗೆ ಹೋದರೆ ‘ಓವರ್‌ಬುಕ್ ಆಗಿದೆ, ಸೀಟಿಲ್ಲ’ ಅಂದರು. ಇಲ್ಲದ ಸೀಟನ್ನು ಮಾರುವುದು ಮೋಸವಲ್ಲವೇ?

ಉತ್ತರ: ಹಾಗೆ ಅನಿಸುವುದು ಸಹಜ. ಆದರೆ ಹಲವು ದೇಶಗಳ ಕಾನೂನು ಇದನ್ನು ನಿಷೇಧಿಸಿಲ್ಲ. ಟಿಕೆಟ್ ತೆಗೆದವರಲ್ಲಿ ಕೆಲವರು ಬರುವುದೇ ಇಲ್ಲ. ವಿಮಾನ ಮೇಲೆದ್ದ ಮೇಲೆ ಖಾಲಿ ಸೀಟು ಯಾರಿಗೂ ಉಪಯೋಗಕ್ಕೆ ಬಾರದು. ಬಾರದವರನ್ನು ಅಂದಾಜು ಮಾಡಿ, ಅಷ್ಟು ಟಿಕೆಟ್ ಹೆಚ್ಚಿಗೆ ಮಾರುತ್ತಾರೆ.

ನೂರು ಸೀಟಿನ ವಿಮಾನ, ಹತ್ತರಲ್ಲಿ ಒಬ್ಬರು ಬರುವುದಿಲ್ಲ ಎಂದಿಟ್ಟುಕೊಳ್ಳಿ. 105 ಟಿಕೆಟ್ ಮಾರಿದರೆ ನೂರಕ್ಕಿಂತ ಹೆಚ್ಚು ಜನ ಬಂದು ನಿಲ್ಲುವುದು ಸುಮಾರು 60 ಹಾರಾಟಕ್ಕೊಮ್ಮೆ. ಆಸೆ ಹೆಚ್ಚಾಗಿ 110 ಮಾರಿದರೆ, ಹೆಚ್ಚುಕಡಿಮೆ ಮೂರು ಹಾರಾಟಕ್ಕೊಮ್ಮೆ! ಇದೂ ಪ್ರತಿಯೊಬ್ಬರೂ ಅವರವರ ಪಾಡಿಗೆ ಬರುವವರಾದರೆ. ಒಂದೇ ಮನೆಯ ಎಂಟು ಮಂದಿ ಬಂದರೆ ಎಂಟೂ ಬರುತ್ತಾರೆ, ಇಲ್ಲವಾದರೆ ಒಬ್ಬರೂ ಇಲ್ಲ. ಆಗ ಲೆಕ್ಕ ಇನ್ನಷ್ಟು ಕೆಡುತ್ತದೆ.

ನನ್ನ ತಕರಾರು ಹೆಚ್ಚಿಗೆ ಮಾರುವುದರ ಬಗ್ಗೆ ಅಲ್ಲ, ಲೆಕ್ಕ ತಪ್ಪಿದಾಗ ದಂಡ ಯಾರು ತೆರಬೇಕು ಎಂಬುದರ ಬಗ್ಗೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ 1968ರಲ್ಲೇ ದಾರಿ ತೋರಿಸಿದ್ದರು: ಹರಾಜು ಹಾಕಿ, ಕಡಿಮೆ ಪರಿಹಾರಕ್ಕೆ ಸೀಟು ಬಿಟ್ಟುಕೊಡಲು ಒಪ್ಪಿದವರು ಹಿಂದೆ ಉಳಿಯಲಿ. ಕಂಪನಿಗಳು ಮೂಗು ಮುರಿದವು. ಸ್ವಇಚ್ಛೆಯಿಂದ ಬಿಟ್ಟುಕೊಡುವವರನ್ನು ಮೊದಲು ಕೇಳಬೇಕೆಂಬ ನಿಯಮ ಅಲ್ಲಿ ಬಂದದ್ದು ಹತ್ತು ವರ್ಷದ ನಂತರ. 2017ರಲ್ಲಿ ಶಿಕಾಗೋದಲ್ಲಿ ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನದಿಂದ ಪ್ರಯಾಣಿಕರೊಬ್ಬರನ್ನು ಎಳೆದೊಯ್ದರಲ್ಲ, ಅಲ್ಲಿ ಹರಾಜು 800 ಡಾಲರಿಗೇ ನಿಂತಿತ್ತು. ಆಮೇಲೆ ಕಂಪನಿ ಆ ಮಿತಿಯನ್ನು 10,000 ಡಾಲರಿಗೆ ಏರಿಸಿತು. (ಅಂದು ಟಿಕೆಟ್ ಹೆಚ್ಚಿಗೆ ಮಾರಿರಲಿಲ್ಲ, ಸೀಟು ಬೇಕಾಗಿದ್ದದ್ದು ಕಂಪನಿಯ ನಾಲ್ವರು ಸಿಬ್ಬಂದಿಗೆ.)

ಹಾಗಾಗಿ ಕೌಂಟರಿನಲ್ಲಿ ‘ವೋಚರ್ ಕೊಡುತ್ತೇವೆ’ ಅಂದರೆ ತಕ್ಷಣ ತಲೆಯಾಡಿಸಬೇಡಿ. ಐರೋಪ್ಯ ಒಕ್ಕೂಟದ 2004ರ ನಿಯಮದ ಪ್ರಕಾರ, ನಿಮ್ಮ ಒಪ್ಪಿಗೆಯಿಲ್ಲದೆ ಬಿಟ್ಟುಹೋದರೆ ದೂರಕ್ಕೆ ತಕ್ಕಂತೆ 250ರಿಂದ 600 ಯೂರೋ ಪರಿಹಾರ. ನೀವು ಸಹಿ ಹಾಕಿ ಒಪ್ಪಿದರೆ ಮಾತ್ರ ಅದು ವೋಚರ್ ರೂಪದಲ್ಲಿ. ಬೋರ್ಡಿಂಗ್ ಪಾಸಿನಲ್ಲಿ ಸೀಟ್ ನಂಬರ್ ಇಲ್ಲದಿದ್ದರೆ ಆಗಲೇ ವಿಚಾರಿಸಿ. ಬೇಗ ಚೆಕ್-ಇನ್ ಮಾಡಿದವರಿಗೆ ಸಾಮಾನ್ಯವಾಗಿ ತೊಂದರೆ ಕಡಿಮೆ.

ಹೋಟೆಲುಗಳದ್ದೂ ಇದೇ ಆಟ. ರೂಮು ಸಾಲದಿದ್ದರೆ ಹತ್ತಿರದ ಇನ್ನೊಂದು ಹೋಟೆಲಿಗೆ ಕಳಿಸುತ್ತಾರೆ. ಒಳ್ಳೆಯವರಾದರೆ ಅಲ್ಲಿನ ಬಾಡಿಗೆಯನ್ನೂ ಕೊಡುತ್ತಾರೆ. ಹೀಗೆ ಸಾಗಹಾಕಿಸಿಕೊಳ್ಳುವವರು ಹೆಚ್ಚಾಗಿ ಒಂದೇ ರಾತ್ರಿಗೆ ಬುಕ್ ಮಾಡಿ ತಡವಾಗಿ ಬರುವವರು. ತಡವಾಗುತ್ತದೆ ಅನಿಸಿದರೆ ಸಂಜೆಯೇ ಒಂದು ಫೋನ್ ಮಾಡಿಬಿಡಿ.