ಬೆನ್ನ ಮೇಲಿನ ನೀರು ಬಾಯಿಗೆ ಏರುವುದು ಹೇಗೆ?

ಒಂಟೆಯ ಡುಬ್ಬದಲ್ಲಿ ನೀರಿಲ್ಲ, ಕೊಬ್ಬಿದೆ. ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಬೆನ್ನಿಗೆ ಏರಿಸಿಕೊಳ್ಳುವ ನೀರಿನ ಚೀಲವನ್ನು, ಅಂದರೆ ಹೈಡ್ರೇಷನ್ ಪ್ಯಾಕನ್ನು ಜನಪ್ರಿಯಗೊಳಿಸಿದ ಅಮೆರಿಕದ ಕಂಪನಿ ಕ್ಯಾಮಲ್‌ಬ್ಯಾಕ್ ಎಂದು ಹೆಸರಿಟ್ಟುಕೊಂಡು ಈ ತಪ್ಪು ತಿಳಿವಳಿಕೆಗೆ ಇನ್ನಷ್ಟು ನೀರೆರೆಯಿತು.

1950ರ ದಶಕದಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ಶರೀರಶಾಸ್ತ್ರಜ್ಞ ಸಹಾರಾಕ್ಕೇ ಹೋಗಿ ಒಂಟೆಗಳನ್ನು ತೂಗಿ, ಅಳೆದು ನೋಡಿದರು. ಒಂಟೆ ನೀರನ್ನು ಕೂಡಿಡುವುದಿಲ್ಲ, ಕಳೆದುಕೊಂಡು ತಾಳಿಕೊಳ್ಳುತ್ತದೆ. ಮೈತೂಕದ ಕಾಲು ಭಾಗದಷ್ಟು ನೀರು ಹೋದರೂ ಬದುಕುತ್ತದೆ. ನೀರಿಲ್ಲದ ದಿನಗಳಲ್ಲಿ ಮೈಯ ಬಿಸಿ ಬೆಳಗಿನ 34 ಡಿಗ್ರಿಯಿಂದ ಮಧ್ಯಾಹ್ನ 40ರವರೆಗೂ ಏರಲಿ ಎಂದು ಬಿಟ್ಟು, ಬೆವರುವುದನ್ನೇ ಮುಂದೂಡುತ್ತದೆ. ನೀರು ಸಿಕ್ಕ ದಿನ ಒಂದೇ ಸಲಕ್ಕೆ 100 ಲೀಟರ್ ಕುಡಿದುಬಿಡುತ್ತದೆ.

ಈ ಮೂರರಲ್ಲಿ ಒಂದೂ ನಮ್ಮ ಕೈಲಾಗದು. ಮೈಯ ಬಿಸಿ 40 ದಾಟಿದರೆ ನಮ್ಮ ಜಾಗ ಆಸ್ಪತ್ರೆ. ಒಮ್ಮೆಗೇ ಜಾಸ್ತಿ ಕುಡಿದರೂ ನಮ್ಮ ಮೂತ್ರಪಿಂಡ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟು ಹೊರಹಾಕೀತು. ಹಾಗಾಗಿ ನಮಗಿರುವುದು ಒಂದೇ ದಾರಿ: ಬಾಯಾರಿದಾಗೆಲ್ಲ ಒಂದೊಂದು ಗುಟುಕು. ಹೆಲ್ಮೆಟ್, ಗ್ಲೌಸ್ ಹಾಕಿಕೊಂಡು ಎರಡೂ ಕೈ ಹ್ಯಾಂಡಲ್ ಮೇಲಿರುವಾಗ ಇದು ಸಾಧ್ಯವಾಗುವುದು ಚೀಲದಿಂದ ಬಾಯಿಗೆ ಬರುವ ಟ್ಯೂಬಿನಿಂದ. ಅಂಗಡಿಯಲ್ಲಿ ಎಲ್ಲರೂ ಚೀಲ ನೋಡುತ್ತಾರೆ, ಲೀಟರ್ ಕೇಳುತ್ತಾರೆ. ಟ್ಯೂಬಿನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.

ಈ ಪ್ಯಾಕಿನ ಹುಟ್ಟೂ ಸ್ವಾರಸ್ಯವಾಗಿದೆ. ಅಮೆರಿಕದ ಟೆಕ್ಸಸ್‌ನ ವಿಚಿಟಾ ಫಾಲ್ಸ್‌ನಲ್ಲಿ ಆಗಸ್ಟ್ ಬಿಸಿಲಿನಲ್ಲಿ 100 ಮೈಲಿಯ ಸೈಕಲ್ ಸವಾರಿ ನಡೆಯುತ್ತದೆ. 1989ರಲ್ಲಿ ಅದಕ್ಕೆ ಮೈಕಲ್ ಐಡ್ಸನ್ ಎಂಬಾತ ಬಂದ. ತುರ್ತು ಚಿಕಿತ್ಸೆಯ ಕೆಲಸ ಬಲ್ಲವ. ಡ್ರಿಪ್ ಹಾಕುವ ಚೀಲಕ್ಕೆ ನೀರು ತುಂಬಿ, ಉದ್ದನೆಯ ಕಾಲುಚೀಲದೊಳಗೆ ತುರುಕಿ, ಜೆರ್ಸಿಯ ಬೆನ್ನಿಗೆ ಪಿನ್ ಮಾಡಿಕೊಂಡ. ಟ್ಯೂಬನ್ನು ಭುಜದ ಮೇಲಿಂದ ತಂದು ಬಟ್ಟೆ ಒಣಗಿಸುವ ಕ್ಲಿಪ್‌ನಿಂದ ಬಿಗಿದ. ಹ್ಯಾಂಡಲ್ ಬಿಡದೆ ನೀರು ಕುಡಿದ.

ಡ್ರಿಪ್ ಚೀಲವೇ ಏಕೆ ಸರಿಹೋಯಿತು? ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

ನಾವು ನೀರನ್ನು ಹೀರಿ ಎಳೆಯುತ್ತೇವೆ ಎಂದುಕೊಂಡಿದ್ದೇವೆ. ಹಾಗೇನೂ ಇಲ್ಲ. ಬಾಯೊಳಗಿನ ಒತ್ತಡವನ್ನು ಚೂರು ಕಡಿಮೆ ಮಾಡುತ್ತೇವೆ, ಅಷ್ಟೇ. ಮಿಕ್ಕ ಕೆಲಸ ಹೊರಗಿನ ಗಾಳಿಯದು. ಅದು ಚೀಲವನ್ನು ಅದುಮಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನಿಂದ ಹೀರುವ ಎಂಥ ಪಂಪು ಹಾಕಿದರೂ ನೀರು ಸುಮಾರು 10 ಮೀಟರಿಗಿಂತ ಮೇಲೆ ಏಕೆ ಏರುವುದಿಲ್ಲ ಎಂದು ಗೆಲಿಲಿಯೊ ಕೂಡ ತಲೆ ಕೆಡಿಸಿಕೊಂಡಿದ್ದ. ಉತ್ತರ ಕೊಟ್ಟವನು ಅವನ ಶಿಷ್ಯ ಟೊರಿಚೆಲ್ಲಿ. ನೀರಿನ ಬದಲು ಅದಕ್ಕಿಂತ 13.6 ಪಟ್ಟು ತೂಕದ ಪಾದರಸ ತೆಗೆದುಕೊಂಡರೆ ಅದು 76 ಸೆಂಟಿಮೀಟರಿಗೇ ನಿಲ್ಲುತ್ತದೆ ಎಂದು 1640ರ ದಶಕದಲ್ಲಿ ತೋರಿಸಿಕೊಟ್ಟ. ತಳ್ಳುವ ಗಾಳಿಗೂ ಒಂದು ಮಿತಿ ಇದೆ ಎಂದಾಯಿತು. ನಮ್ಮ ಸೊಂಟದಿಂದ ಬಾಯಿಗೆ ಅರ್ಧ ಮೀಟರ್. ಅದಕ್ಕೆ ಬೇಕಾಗುವುದು ವಾತಾವರಣದ ಒತ್ತಡದ 20ರಲ್ಲಿ ಒಂದು ಪಾಲು. ಕೆನ್ನೆಗೆ ಅದೇನೂ ಕಷ್ಟವಲ್ಲ.

ಆದರೆ ಗಾಳಿ ಅದುಮಬೇಕಾದರೆ ಚೀಲ ಕುಗ್ಗಬೇಕು, ಅಲ್ವಾ? ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಗುಳುಕ್ ಗುಳುಕ್ ಎಂದು ನಿಂತು ನಿಂತು ಬರುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಹೊಡೆದರೆ ಧಾರೆಯಾಗಿ ಸುರಿಯುತ್ತದೆ. ಗಟ್ಟಿ ಬಾಟಲಿಗೆ ಟ್ಯೂಬ್ ಸಿಕ್ಕಿಸಿ ಬಿಗಿಯಾಗಿ ಮುಚ್ಚಿದರೂ ಇದೇ ಪಾಡು. ಎರಡು ಗುಟುಕಿಗೆ ನೀರು ನಿಲ್ಲುತ್ತದೆ. ಮೆತ್ತನೆಯ ಚೀಲಕ್ಕೆ ಎರಡನೇ ತೂತೇ ಬೇಡ. ಕುಡಿದಷ್ಟು ಕುಗ್ಗುತ್ತದೆ, ಒಳಗೆ ಗಾಳಿ ಸೇರುವುದಿಲ್ಲ. ಗಾಳಿ ಇಲ್ಲದ ಕಡೆ ನೀರು ಕುಲುಕುವುದೂ ಇಲ್ಲ. ಓಡುವಾಗ ಬೆನ್ನ ಮೇಲೆ ಗಳಗಳ ಸದ್ದು ಬಂದರೆ ನೀವು ತುಂಬುವಾಗ ಗಾಳಿ ಬಿಟ್ಟಿದ್ದೀರಿ ಎಂದರ್ಥ. ಚೀಲವನ್ನು ತಲೆಕೆಳಗು ಮಾಡಿ, ಟ್ಯೂಬಿನಿಂದ ಗಾಳಿ ಹೀರಿ ತೆಗೆಯಿರಿ. ಸದ್ದು ಹೋಗುತ್ತದೆ.

ಇನ್ನೊಂದು ದೂರು: "ಮೊದಲ ಗುಟುಕು ಕಾದ ನೀರು." ಒಂದು ಮೀಟರ್ ಉದ್ದ, 6 ಮಿಲಿಮೀಟರ್ ಒಳವ್ಯಾಸದ ಟ್ಯೂಬಿನಲ್ಲಿ ಹಿಡಿಯುವುದು ಸುಮಾರು 28 ಮಿಲಿಲೀಟರ್ ನೀರು. ಇಷ್ಟು ಕಡಿಮೆ ನೀರು ಅಷ್ಟು ಉದ್ದಕ್ಕೆ ಬಿಸಿಲಿಗೆ ಮೈಯೊಡ್ಡಿ ನಿಂತರೆ ಕಾಯದೆ ಇರುತ್ತದೆಯೇ? ದುಡ್ಡು ಕೊಟ್ಟು ಟ್ಯೂಬಿಗೆ ಹೊದಿಕೆ ಕೊಳ್ಳಬಹುದು. ಕುಡಿದ ಮೇಲೆ ಒಮ್ಮೆ ಊದಿ ನೀರನ್ನು ಚೀಲಕ್ಕೇ ವಾಪಸ್ ಕಳಿಸಿದರೂ ಆಯಿತು, ಅದಕ್ಕೆ ಖರ್ಚಿಲ್ಲ. ಆಗ ಕೊಂಚ ಗಾಳಿಯೂ ಒಳಗೆ ಹೋಗುತ್ತದೆ. ಬೈಕಿನಲ್ಲಿ ಅದರಿಂದ ತೊಂದರೆ ಇಲ್ಲ, ಓಡುವವರಿಗೆ ಕಿರಿಕಿರಿ.

ಈಗ ಲೀಟರ್ ಲೆಕ್ಕ. ಬೈಕಿನಲ್ಲಿ ಹೋಗುವಾಗ ಗಾಳಿ ತಂಪು ಮಾಡುತ್ತದೆ ಎಂಬ ನಂಬಿಕೆ ಬಲವಾಗಿದೆ. ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಕಡೆ 42 ಡಿಗ್ರಿಯ ಗಾಳಿ ಎದೆಗೆ ಬಡಿಯುವಾಗ ಅದು ಶಾಖವನ್ನು ಒಳಗೆ ತುಂಬುತ್ತಿರುತ್ತದೆ. ಆಗ ಕಾಯುವುದು ಬೆವರು ಮಾತ್ರ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ಅಂಗಿ ಒಣಗಿಯೇ ಇರುತ್ತದೆ. ಸವಾರ ತಾನು ಬೆವರಲೇ ಇಲ್ಲ ಎಂದುಕೊಳ್ಳುತ್ತಾನೆ. ಕುಮಾರಪರ್ವತದ ಕಾಡಿನಲ್ಲಿ ಉಲ್ಟಾ. ತೇವದ ಗಾಳಿಗೆ ಬೆವರು ಆರುವುದೇ ಇಲ್ಲ, ಸುಮ್ನೆ ಸುರಿದು ಹೋಗುತ್ತದೆ.

ನಿಮ್ಮ ಬೆವರಿನ ಲೆಕ್ಕ ಕಂಪನಿಯವರಿಗೆ ಗೊತ್ತಿಲ್ಲ, ತಕ್ಕಡಿಗೆ ಗೊತ್ತು. ಒಂದು ಗಂಟೆ ಸೈಕಲ್ ಹೊಡೆಯುವ ಮೊದಲು ಮತ್ತು ಆಮೇಲೆ ಒದ್ದೆ ಬಟ್ಟೆ ಇಲ್ಲದೆ ತೂಗಿಕೊಳ್ಳಿ. ಇಳಿದ ತೂಕಕ್ಕೆ ನಡುವೆ ಕುಡಿದದ್ದನ್ನು ಸೇರಿಸಿ. 700 ಗ್ರಾಂ ಬಂದರೆ ಗಂಟೆಗೆ 700 ಮಿಲಿಲೀಟರ್. ನೀರು ಸಿಗುವ ಎರಡು ಜಾಗಗಳ ನಡುವೆ ಎರಡು ಗಂಟೆಯಾದರೆ ಒಂದೂವರೆ ಲೀಟರ್ ಸಾಕು. ಹೆದ್ದಾರಿ ಸವಾರಿಗೆ 3 ಲೀಟರ್ ಹೊರುವುದು ಬೆನ್ನಿಗೆ ಶಿಕ್ಷೆ. ಕುಮಾರಪರ್ವತದಲ್ಲಿ ಗಿರಿಗದ್ದೆಯಿಂದಾಚೆ ಬೇಸಿಗೆಯ ಹಳ್ಳಗಳನ್ನು ನಂಬುವ ಹಾಗಿಲ್ಲ, ಅಲ್ಲಿಗೆ 3 ಲೀಟರ್ ಬೇಕು.

ದೊಡ್ಡ ಚೀಲ ಇದೆ ಎಂದು ಕುಡಿಯುತ್ತಲೇ ಇರುವವರೂ ಇದ್ದಾರೆ. "ಬಾಯಾರುವ ಮೊದಲೇ ಕುಡಿಯಿರಿ, ಬಾಯಾರಿದರೆ ತಡವಾಯಿತು" ಎಂಬ ಉಪದೇಶ ವಾಟ್ಸಾಪಿನಲ್ಲಿ ಸಾಯುವುದೇ ಇಲ್ಲ. ರಕ್ತ 1-2 ಪ್ರತಿಶತ ಗಾಢವಾದರೆ ಸಾಕು, ಮಿದುಳಿನ ಹೈಪೊಥಲಾಮಸ್ ಬಾಯಾರಿಕೆಯ ಗಂಟೆ ಬಾರಿಸುತ್ತದೆ. ವಯಸ್ಸಾದವರಲ್ಲಿ ಇದು ಸ್ವಲ್ಪ ಮಂದ, ಅವರು ಗಡಿಯಾರ ನೋಡಿ ಕುಡಿಯಲಿ. ಮಿಕ್ಕವರು ತಮ್ಮ ಬಾಯಾರಿಕೆಯನ್ನು ನಂಬಬಹುದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿದ ಮೇಲೆ 488 ಓಟಗಾರರ ರಕ್ತ ಪರೀಕ್ಷಿಸಿದರು. 13 ಪ್ರತಿಶತ ಜನರಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಓಡಿ ಮುಗಿಸುವಷ್ಟರಲ್ಲಿ ತೂಕ ಹೆಚ್ಚಿಸಿಕೊಂಡವರಿಗೆ ಈ ತೊಂದರೆ ಜಾಸ್ತಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರು. ಸೋಡಿಯಂ ತೀರಾ ಇಳಿದರೆ ಮಿದುಳು ಊದಿಕೊಳ್ಳುತ್ತದೆ, ಪ್ರಾಣವೂ ಹೋಗಬಹುದು.

ಇಡೀ ದಿನ ಬೆವರುವುದಿದ್ದರೆ ಉಪ್ಪೂ ಬೇಕು. ಕರುಳಿನ ಗೋಡೆ ಸಕ್ಕರೆ ಮತ್ತು ಸೋಡಿಯಮನ್ನು ಜೊತೆಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಕಾಲರಾದಿಂದ ಸಾಯುತ್ತಿದ್ದಾಗ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನೊಬಿಸ್ ಡ್ರಿಪ್ ಸಾಲದೆ ಉಪ್ಪು-ಗ್ಲೂಕೋಸ್ ನೀರನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದ್ದು ಇದೇ ತತ್ತ್ವದಿಂದ. ಈಗಿನ ಓಆರ್‌ಎಸ್‌ನಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಅಂಗಡಿಯ ಸಿಹಿ ಪಾನಕಗಳನ್ನು ಅದರ ಜಾಗಕ್ಕೆ ತರಬೇಡಿ.

ಓಆರ್‌ಎಸ್ ಆಗಲಿ ನಿಂಬೆ ಶರಬತ್ತಾಗಲಿ ಬೇರೆ ಬಾಟಲಿಯಲ್ಲಿರಲಿ, ಚೀಲಕ್ಕೆ ಬರೀ ನೀರು. ಸಕ್ಕರೆ ಸಿಕ್ಕರೆ ಆ ಕಿರಿದಾದ ಟ್ಯೂಬಿನ ಒಳಗೋಡೆಗೆ ಲೋಳೆ ಕಟ್ಟಿ ಬೂಷ್ಟು ಬರುತ್ತದೆ, ತೆಗೆಯುವುದು ತಲೆನೋವು. ಅದಕ್ಕೇ ಕೊಳ್ಳುವಾಗ ಚೀಲದ ಬಾಯೊಳಗೆ ನಿಮ್ಮ ಕೈ ಹೋಗುತ್ತದಾ ನೋಡಿ. ಟ್ಯೂಬ್ ಕಳಚಿ ಬರಬೇಕು. ಕಚ್ಚಿದರೆ ತೆರೆಯುವ ವಾಲ್ವಿಗೆ ಬೀಗದಂಥ ಗುಂಡಿ ಇರಲಿ, ಇಲ್ಲದಿದ್ದರೆ ಊಟಕ್ಕೆ ನಿಂತಾಗ ಪ್ಯಾಕನ್ನು ಎಲ್ಲೋ ಒರಗಿಸಿ ಇಟ್ಟಿರುತ್ತೀರಿ, ನೀರೆಲ್ಲ ಬ್ಯಾಗಿಗೆ. ಸ್ಪ್ಯಾನರ್, ಪಂಪುಗಳನ್ನು ಬೆನ್ನುಮೂಳೆಗೆ ತಾಗುವ ಅರೆಯಲ್ಲಿ ಇಡಬೇಡಿ, ಬಿದ್ದರೆ ಅವೇ ಚುಚ್ಚುತ್ತವೆ. ಹಣ ಕೊಡುವ ಮೊದಲು ಜಾಕೆಟ್ ಮತ್ತು ಹೆಲ್ಮೆಟ್ ಸಮೇತ ಹಾಕಿಕೊಂಡು ನೋಡಿ. ಫುಲ್ ಫೇಸ್ ಹೆಲ್ಮೆಟ್ಟಿನ ಗಲ್ಲದ ಕೆಳಗಿಂದ ಟ್ಯೂಬ್ ತೂರಿ ತುಟಿ ಮುಟ್ಟದಿದ್ದರೆ, ಆ ಪ್ಯಾಕ್ ಎಷ್ಟೇ ಅಗ್ಗವಾಗಿದ್ದರೂ ಬೇಡ.